ಮುತ್ತಿನ ಚಿಪ್ಪಿನ ಗುಂಡಿ

ನೆಂಟರ ಕೊನೆಯ ಗಾಡಿ ಹಿಂದಿನ ಸಂಜೆಯೇ ಹೊರಟುಹೋಗಿತ್ತು. ಬೆಳಿಗ್ಗೆ ರೆಗೀನಾ ಎದ್ದಾಗ ಒಲೆ ಆರಿತ್ತು. ಸಾವಿನ ಮನೆಯ ಒಲೆಯನ್ನು ಇಷ್ಟು ದಿನ ಯಾರಾದರೊಬ್ಬರು ನೋಡಿಕೊಳ್ಳುತ್ತಿದ್ದರು. ಅದು ಆರಿದ್ದನ್ನು ಕಂಡಾಗಲೇ ಅವಳಿಗೆ ಹೊಳೆದದ್ದು: ಇದು ಮಾಮೂಲು ದಿನ, ಇನ್ನು ಬರುವ ದಿನಗಳೂ ಇಂಥವೇ.

ಬೂದಿ ತೆಗೆದಳು. ಕಲ್ಲಿದ್ದಲು ಹಾಕಿದಳು. ನಿಂತುಕೊಂಡೇ ಹಾಲು ಬೆರೆಸಿದ ಚಹಾ ಕುಡಿದಳು. ಮಣ್ಣು ಮಾಡಿದ ದಿನದ ಬ್ರೆಡ್ಡು ಉಳಿದು ಗಟ್ಟಿಯಾಗಿತ್ತು. ಅದನ್ನೇ ಅದ್ದಿ ತಿಂದಳು. ಒಗೆದ ಹಾಸುಬಟ್ಟೆ, ಸೂಪಿನ ಜಾಡಿ, ಉಗುರು ಕತ್ತರಿಸುವ ಕತ್ತರಿ ಚೀಲಕ್ಕೆ ಹಾಕಿಕೊಂಡು, ಉಣ್ಣೆಯ ಬೂಟು ಮೆಟ್ಟಿ, ತಾನು ದಿನಾ ನೋಡಿಕೊಳ್ಳುತ್ತಿದ್ದ ಲೆಯೊನಾರ್ದಾ ಅಜ್ಜಿಯ ಮನೆಗೆ ಹೊರಟಳು. ಶಾಲೆಯವರು ಅವಳಿಗೆ ರಜೆ ಕೊಟ್ಟಿದ್ದರು. ಹಾಸಿಗೆ ಹಿಡಿದ ಮುದುಕಿಗೆ ರಜೆ ಕೊಡುವವರು ಯಾರು?

ಮಾರ್ಚ್ ತಿಂಗಳಾದರೂ ಬೇಲಯಾ ಗ್ರಿವಾ ಊರಿನ ಬೀದಿಯ ಎರಡೂ ಬದಿಗೆ ಹಿಮ ಕಿಟಕಿಯ ಎತ್ತರಕ್ಕಿತ್ತು. ಅಜ್ಜಿಯ ಅಂಗಳಕ್ಕೆ ತಿರುಗುವ ಕಾಲುದಾರಿಯಲ್ಲಿ ಅವಳ ಕಾಲು ಸರ್ರನೆ ಜಾರಿತು. ಚಳಿಗಾಲವಿಡೀ ಅಲ್ಲಿ ಜಾರಿದ್ದಿಲ್ಲ. ಬೇಲಿ ಹಿಡಿದು ಸಾವರಿಸಿಕೊಂಡು ಹೋಗಿ ಬಾಗಿಲು ತಟ್ಟಿದಳು.

ತೆರೆದದ್ದು ಯಾನಿನಾ. ರೆಗೀನಾಳ ಸತ್ತ ಗಂಡ ವಿತೋಲ್ಡನ ತಂದೆಯ ತಂಗಿ. ಊರಿನ ಕಥೋಲಿಕ ಹೆಂಗಸರಿಗೆಲ್ಲ ಅವಳ ಮಾತೇ ಕೊನೆ.

"ಎಲ್ಲಿಗ್ ಬಂದೆ?" ಅಂದಳು, ಹೊಸ್ತಿಲು ಬಿಡದೆ.

"ಹಾಸಿಗೆ ಬದಲಾಯಿಸ್ಬೇಕಿತ್ತು, ಅತ್ತೆ."

"ಬದಲಾಯಿಸಿ ಆಯ್ತು. ಚೀಲ ಇಲ್ ಕೊಟ್ಟು ಮನೆಗ್ ಹೋಗು."

ಹೆಂಗಸರೆಲ್ಲ ಸೇರಿ ರೆಗೀನಾ ನೋಡಿಕೊಳ್ಳುತ್ತಿದ್ದ ಮುದುಕರ ಮನೆಗಳನ್ನು ತಮ್ಮೊಳಗೆ ಹಂಚಿಕೊಂಡಿದ್ದಾರಂತೆ. ನಲವತ್ತು ದಿನ ಕಳೆಯುವ ತನಕ ವಿಧವೆಯಾದವಳು ಪರರ ಮನೆಯ ಬಕೆಟ್ಟು ಎತ್ತಬಾರದು. ಊರಿನ ಪೋಲಿಷರು, ಜರ್ಮನರು, ರಷ್ಯನ್ನರು, ಕಜಾಕರು, ಇವರೆಲ್ಲ ತಕರಾರಿಲ್ಲದೆ ಒಪ್ಪುವುದು ಈ ನಲವತ್ತು ದಿನದ ಲೆಕ್ಕವೊಂದನ್ನೇ.

"ಇಷ್ಟ್ ವರ್ಷ ಊರಿಗೆಲ್ಲ ಗೇದಿದೀಯ," ಎಂದಳು ಯಾನಿನಾ, ದನಿ ತಗ್ಗಿಸಿ. "ಈಗ ಅವನ ಆತ್ಮಕ್ಕೆ ಗೇಯಿ. ಕೈ ಕಟ್ಟಿ ಕೂತು ಪ್ರಾರ್ಥನೆ ಮಾಡು. ಅದಕ್ಕಿಂತ ದೊಡ್ಡ ಕೆಲ್ಸ ಯಾವ್ದಿದೆ?"

ಒಳಗಿನಿಂದ ಅಜ್ಜಿಯ ದನಿ ಕೇಳಿಸಿತು. ಮಾತೂ ಅಲ್ಲ, ಅಳುವೂ ಅಲ್ಲ. ಶರತ್ಕಾಲದಲ್ಲಿ ಲಕ್ವ ಹೊಡೆದು ಎಡಭಾಗ ಹೋದಾಗ ನಾಲಿಗೆಯೂ ಬಿದ್ದುಹೋಗಿತ್ತು. ಯಾನಿನಾ ಬೇಸರದಿಂದ ತಿರುಗಿ ನೋಡಿದಳು. ಎರಡು ಮೂರು ದಿನದಿಂದ ಹೀಗೇ ಅಂತೆ. ಬಲಗೈ ಚಾಚುತ್ತಾಳೆ, ನೀರು ಕೊಟ್ಟರೆ ಬೇಡ, ಬ್ರೆಡ್ಡು ಕೊಟ್ಟರೆ ಬೇಡ.

ರೆಗೀನಾ ಚೀಲ ಕೊಟ್ಟು ಮನೆಗೆ ಬಂದಳು. ಅತ್ತೆ ಹೇಳಿದ್ದು ಒಳ್ಳೆಯ ಮಾತೇ.

ಅವಳಿಗೂ ವಿತೋಲ್ಡನಿಗೂ ಮದುವೆಯ ಮೊದಲ ಚಳಿಗಾಲದಲ್ಲೇ ಒಂದು ಒಪ್ಪಂದವಾಗಿತ್ತು. ಮಂಡಿಯೂರಿದರೆ ನನಗೆ ನಿದ್ದೆ ಬರುತ್ತದೆ, ಕೊಳಕು ನೆಲ ತೋರಿಸಿ, ಎಷ್ಟು ಹೊತ್ತಾದರೂ ಎಚ್ಚರವಿರುತ್ತೇನೆ ಎಂದಿದ್ದಳು ಅವಳು. ಅವನು ನಕ್ಕು, "ಸರಿ ಬಿಡು. ನಿನ್ನ ಕೈ, ನನ್ನ ಮಂಡಿ. ಇಬ್ರೂ ಸೇರಿದ್ರೆ ಒಬ್ಬ ಪೂರ್ತಿ ಕ್ರೈಸ್ತ ಆಗ್ತೀವಿ," ಎಂದಿದ್ದ. ಅಂದಿನಿಂದ ಅವನು ಬೆಳಕು ಹರಿಯುವ ಮುಂಚೆ ಪ್ರಾರ್ಥನಾಲಯಕ್ಕೆ ಹೋಗಿ, ಒಲೆ ಹಚ್ಚಿ, ಪವಿತ್ರ ರೊಟ್ಟಿಯಿಟ್ಟ ಪರಮಪ್ರಸಾದದ ಪೆಟ್ಟಿಗೆಯ ಮುಂದೆ ಪ್ರಾರ್ಥನೆ ಮಾಡಿ, ಆಮೇಲೆ ಧಾನ್ಯದ ಉಗ್ರಾಣಕ್ಕೆ ಲಾರಿ ಓಡಿಸಲು ಹೋಗುತ್ತಿದ್ದ. ಪಾದ್ರಿಗಳು ಪಟ್ಟಣದಿಂದ ಬರುತ್ತಿದ್ದದ್ದು ಭಾನುವಾರ ಮಾತ್ರ. ಉಳಿದ ದಿನ ಆ ಬೀಗದ ಕೈ ಅವನ ಬಳಿ. ಅವಳು ಶಾಲೆಗೆ ಮುಂಚೆ ಒಂದು ಮನೆ, ಶಾಲೆ ಬಿಟ್ಟ ಮೇಲೆ ಇನ್ನಷ್ಟು ಮನೆ ನೋಡಿಕೊಳ್ಳುತ್ತಿದ್ದಳು. ಪ್ರಾರ್ಥನೆ ಮಾಡಲಿಲ್ಲವೆಂದು ಅವಳ ಮನಸ್ಸು ಒಂದು ದಿನವೂ ಚುಚ್ಚಿರಲಿಲ್ಲ. ಅವಳ ಪಾಲಿಗೂ ಒಬ್ಬ ಮಂಡಿಯೂರುತ್ತಿದ್ದನಲ್ಲ.

ಈಗ ಮಂಡಿ ಮಣ್ಣಿಗೆ ಹೋಗಿತ್ತು. ಕೈಯನ್ನು ಪ್ರೀತಿಯಿಂದಲೇ ಕಟ್ಟಿ ಹಾಕಿದ್ದರು.

ಮೇಜಿನ ಮೇಲೆ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲ ಹಾಗೇ ಇತ್ತು. ಪ್ರಾರ್ಥನಾಲಯದ ಬಾಗಿಲ ಮುಂದೆ ಹಿಮ ಎತ್ತುತ್ತಿದ್ದಾಗಲೇ ವಿತೋಲ್ಡನ ಎದೆಬಡಿತ ನಿಂತಿತ್ತು. ಆಗ ಕೋಟಿನ ಜೇಬಿನಲ್ಲಿದ್ದ ಸಾಮಾನುಗಳಿವು. ಮಾಡಲು ಬೇರೇನೂ ಇಲ್ಲದೆ ಅವಳು ಅದನ್ನು ಬಿಚ್ಚಿದಳು. ಬೀಗದ ಕೈ, ಮಡಚುವ ಚಾಕು, ಬೆಂಕಿಪೆಟ್ಟಿಗೆ, ಹಿತ್ತಾಳೆಯದೊಂದು ಕೋಟಿನ ಗುಂಡಿ. ಅದರ ಹಿಂದೆಯೇ ಇನ್ನೊಂದು ಗುಂಡಿ ಉರುಳಿ ಬಂತು.

ಮೊದಲನೆಯದು ಅಲ್ಲಿ ಇರಬೇಕಾದದ್ದೇ. ಅಜ್ಜಿಯರ ಕಾಲದಲ್ಲಿ ಈ ಪೋಲಿಷರನ್ನು ಸರ್ಕಾರದವರು ಪಶ್ಚಿಮದ ಗಡಿಯಿಂದ ರೈಲಿಗೆ ತುಂಬಿ ತಂದು ಕಜಾಕರ ನಾಡಿನ ಬರಿಯ ಬಯಲಿನಲ್ಲಿ ಇಳಿಸಿದ್ದರು. ಪಾದ್ರಿಯಿಲ್ಲ, ಚರ್ಚಿಲ್ಲ. ಜಪಮಾಲೆ ಸಿಕ್ಕಿದರೆ ಶಿಕ್ಷೆ. ಆಗ ಹೆಂಗಸರು ಜಪಮಾಲೆಯನ್ನೇ ತಮ್ಮೊಳಗೆ ಹಂಚಿಕೊಂಡರು: ಒಬ್ಬೊಬ್ಬರಿಗೆ ಒಂದು ರಹಸ್ಯ, ಅಂದರೆ ಯೇಸುಸ್ವಾಮಿ, ಮರಿಯಮ್ಮನವರ ಬದುಕಿನ ಒಂದು ಘಟನೆ; ಅದನ್ನು ನೆನೆದು ದಿನಕ್ಕೆ ಹತ್ತು ಮಣಿ, ಹತ್ತು ‘ನಮೋ ಮರಿಯಾ’. ಒಬ್ಬಳು ಕೊಟ್ಟಿಗೆಯಲ್ಲಿ, ಒಬ್ಬಳು ಹೊಲದಲ್ಲಿ, ಇನ್ನೊಬ್ಬಳು ಕಂಬಳಿಯ ಒಳಗೆ ಹೇಳಿಕೊಂಡರೂ ಸಂಜೆಯೊಳಗೆ ಊರಿನ ಜಪಮಾಲೆ ಪೂರ್ತಿಯಾಗುತ್ತಿತ್ತು. ಯಾರ ಪಾಲಿಗೆ ಯಾವ ರಹಸ್ಯ ಎಂಬುದಕ್ಕೆ ಗುರುತು ಕೋಟಿನ ಗುಂಡಿಗಳು. ಜೇಬಿನಲ್ಲಿ ಗುಂಡಿ ಸಿಕ್ಕಿದರೆ ಯಾವ ಸಿಪಾಯಿ ತಾನೇ ಅನುಮಾನಪಡುತ್ತಾನೆ? ಕಾಲ ಬದಲಾದರೂ ಆ ಗುಂಡಿಗಳೇ ನಡೆದುಬಂದವು. ತಿಂಗಳ ಮೊದಲ ಭಾನುವಾರ ಎಲ್ಲರೂ ಅವನ್ನು ಒಂದು ಬಟ್ಟಲಿಗೆ ಹಾಕಿ ಕುಲುಕಿ, ಕೈಗೆ ಸಿಕ್ಕಿದ್ದನ್ನು ತಗೊಳ್ಳುತ್ತಾರೆ. ನಡುವೆ ಯಾರಾದರೂ ತೀರಿಕೊಂಡರೆ ಮುಂದಿನ ಬಟ್ಟಲಿನವರೆಗೆ ಅವರ ರಹಸ್ಯ ಮನೆಯವರ ಪಾಲು.

ಹಿತ್ತಾಳೆ ಗುಂಡಿ ಎಂದರೆ ಗೆತ್ಸೆಮನೆಯ ತೋಟ, ಯೇಸುಸ್ವಾಮಿ ಒಬ್ಬರೇ ಎಚ್ಚರವಿದ್ದ ರಾತ್ರಿ. ಈ ತಿಂಗಳು ಅದು ವಿತೋಲ್ಡನಿಗೆ ಬಂದಿತ್ತು. ಆದರೆ ಎರಡನೆಯದು ಮುತ್ತಿನ ಚಿಪ್ಪಿನದು, ಅಂಚು ಸ್ವಲ್ಪ ಒಡೆದದ್ದು. ಅದನ್ನು ಊರಿನ ಮಗುವೂ ಗುರುತಿಸುತ್ತದೆ. ಗರ್ಭಿಣಿ ಮರಿಯಮ್ಮನವರು ಬೆಟ್ಟ ಹತ್ತಿಳಿದು, ಬಸುರಿಯಾದ ಮುದಿ ಬಂಧು ಎಲಿಜಬೇತಳ ಆರೈಕೆಗೆ ಹೋದ ರಹಸ್ಯ ಅದು. ಲೆಯೊನಾರ್ದಾ ಅಜ್ಜಿಯ ತಾಯಿಯ ಕೋಟಿನಿಂದ ಕತ್ತರಿಸಿದ ಗುಂಡಿ. ಲಕ್ವ ಹೊಡೆದ ತಿಂಗಳು ಅದು ಅಜ್ಜಿಯ ಬಳಿಯೇ ಇತ್ತು, ಆಮೇಲೆ ಬಟ್ಟಲಿಗೆ ಬರಲೇ ಇಲ್ಲ.

ಯಾನಿನಾ ಕೇಳಲು ಹೋದರೆ ಅಜ್ಜಿ ಬರಿಗೈ ತೋರಿಸಿ ಮುಖ ತಿರುಗಿಸಿದ್ದಳು. ಎಲ್ಲೋ ಬಚ್ಚಿಟ್ಟಿದ್ದಾಳೆ ಎಂದು ಹೆಂಗಸರು ದಿಂಬು ತಡಕಿದರು, ಹಾಸಿಗೆ ಎತ್ತಿದರು. ಹುಡುಕಿದವರಲ್ಲಿ ರೆಗೀನಾಳೂ ಇದ್ದಳು. ನಾಲಿಗೆ ಬಿದ್ದವಳ ಬಳಿ ರಹಸ್ಯ ಉಳಿದರೆ ಅದನ್ನು ಹೇಳುವವರು ಯಾರು, ಮಾಲೆಯಲ್ಲಿ ತೂತು ಬಿತ್ತಲ್ಲ ಎಂಬುದು ಯಾನಿನಾಳ ಕೊರಗು. "ಬಿಡಿ ಅತ್ತೆ, ಅದು ನಡೀತಿದೆ," ಎಂದಿದ್ದ ವಿತೋಲ್ಡ್. ಅಜ್ಜಿ ಮನಸ್ಸಿನೊಳಗೆ ಹೇಳಿಕೊಳ್ಳುತ್ತಾಳೆ ಎಂದು ಎಲ್ಲರೂ ಅರ್ಥ ಮಾಡಿಕೊಂಡರು. ಚಳಿಗಾಲ ಮುಗಿಯುವವರೆಗೆ ತಾಳಿದ ಯಾನಿನಾ ಈಗ ನಿಶ್ಚಯ ಮಾಡಿದ್ದಳು: ಬರುವ ಭಾನುವಾರದ ಬಟ್ಟಲಿಗೆ ಹೊಸ ಗುಂಡಿ, ಅಜ್ಜಿಯ ಜಾಗಕ್ಕೆ ಹೊಸ ಹೆಂಗಸು.

ಹಾಗಾದರೆ ಈ ಗುಂಡಿ ಅವನ ಜೇಬಿಗೆ ಹೇಗೆ ಬಂತು? ಮಾತಾಡಲಾಗದ ಮುದುಕಿಯ ಕೈಯಿಂದ ಅವನು ಎತ್ತಿಕೊಂಡನೇ? ಆ ಯೋಚನೆ ಅವಳ ತಲೆಯಲ್ಲಿ ಒಂದು ಸುತ್ತು ಹಾಕಿ, ಕೂರಲು ಜಾಗ ಸಿಗದೆ ಹೋಯಿತು. ಹೇಗೇ ಬಂದಿರಲಿ, ಎರಡು ಗುಂಡಿಗಳೂ ಈಗ ಅವಳ ಮೇಜಿನ ಮೇಲಿದ್ದವು. ಎರಡರದ್ದೂ ಹತ್ತು ಹತ್ತು ಮಣಿ ಅವಳ ಪಾಲಿಗೆ.

ಮಂಡಿಯೂರಿದಳು. "ನಮೋ ಮರಿಯಾ" ಎಂದಳು. ಮಾತು ಅಲ್ಲಿಗೇ ನಿಂತಿತು. ಮತ್ತೆ ಶುರು ಮಾಡಿದಳು. ಅರ್ಧಕ್ಕೆ ಬರುವಾಗ ಕಿಟಕಿಯ ಗಾಜಿನ ಮಸಿ ಕಣ್ಣಿಗೆ ಬಿತ್ತು. ಎದ್ದು ಅದನ್ನು ಒರೆಸಿದಳು. ಆಮೇಲೆ ಉಳಿದ ಕಿಟಕಿಗಳನ್ನೂ ಒರೆಸಿದಳು. ಅಳುವೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಆ ಒರೆಸಿದ ಕಿಟಕಿಯಿಂದಲೇ ಪ್ರಾರ್ಥನಾಲಯದ ಚಿಮಣಿ ಕಂಡಿತು. ಹೊಗೆ ಇರಲಿಲ್ಲ. ಹೆಂಗಸರು ಅವಳ ಕೆಲಸವನ್ನೆಲ್ಲ ಹಂಚಿಕೊಂಡಿದ್ದರು. ಅವನ ಕೆಲಸ ಯಾರ ನೆನಪಿಗೂ ಬಂದಿರಲಿಲ್ಲ. ಪ್ರಾರ್ಥನೆ ಮಾಡುವವನಿಗೆ ಕೆಲಸವೇನು ಇರುತ್ತದೆ?

ಅವಳು ಬೀಗದ ಕೈ ತಗೊಂಡು ಹೋದಳು. ಒಂದು ಕಾಲಕ್ಕೆ ದನದ ಡಾಕ್ಟರರ ಕೋಣೆಯಾಗಿದ್ದ ಆ ಪ್ರಾರ್ಥನಾಲಯದಲ್ಲಿ ಉಸಿರು ಬಿಟ್ಟರೆ ಹೊಗೆಯಾಗುತ್ತಿತ್ತು. ತೀರ್ಥದ ಬಟ್ಟಲಿನ ನೀರು ಗಡ್ಡೆ ಕಟ್ಟಿತ್ತು. ಒಲೆ ಹಚ್ಚಿದಳು. ಇದು ಪರರ ಮನೆಯಲ್ಲ, ಇಲ್ಲಿಯ ಬಕೆಟ್ಟು ಎತ್ತಬಾರದೆಂದು ಯಾರೂ ಹೇಳಿರಲಿಲ್ಲ. ಹಚ್ಚಿ ಹೊರಟುಬಿಡುವ ಅಂದುಕೊಂಡಿದ್ದಳು. ಆದರೆ ಕಲ್ಲಿದ್ದಲಿನ ಒಲೆ ಹಾಗೆ ಬಿಡುವಂಥದಲ್ಲ. ಕೆಂಡದ ಮೇಲಿನ ನೀಲಿ ಉರಿ ಪೂರ್ತಿ ಅಡಗುವ ತನಕ ಹೊಗೆಕಿಂಡಿ ಮುಚ್ಚುವ ಹಾಗಿಲ್ಲ; ಮುಚ್ಚಿದರೆ ವಾಸನೆಯಿಲ್ಲದ ವಿಷಗಾಳಿ ತುಂಬುತ್ತದೆ. ಮುಚ್ಚದೆ ಹೋದರೆ ಬಿಸಿಯೆಲ್ಲ ಆಕಾಶದ ಪಾಲು. ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವವಳು ಅವಳು, ಇದನ್ನು ಹೇಳಿಕೊಡಬೇಕಿರಲಿಲ್ಲ. ಕೂತಳು.

ಒಲೆಯ ಎದುರಿಗೆ ಒಂದೇ ಒಂದು ಕುರ್ಚಿ. ಅಲ್ಲಿಂದ ಒಂದು ಕಡೆ ನೀಲಿ ಉರಿ ಕಾಣುತ್ತದೆ, ಇನ್ನೊಂದು ಕಡೆ ಪರಮಪ್ರಸಾದದ ಪೆಟ್ಟಿಗೆಯ ಕೆಂಪು ದೀಪ. ಕುರ್ಚಿಯ ಆಸನದ ನಡುವೆ ಬಟ್ಟೆ ಸವೆದು ಗುಳಿ ಬಿದ್ದಿತ್ತು. ನನ್ನ ಮಂಡಿ, ಎಂದಿದ್ದನಲ್ಲ. ಇಷ್ಟು ವರ್ಷ ಕೂತಿದ್ದ, ಕಳ್ಳ. ಅವಳಿಗೆ ಸಣ್ಣಗೆ ನಗು ಬಂತು. ಬಂದದ್ದೇ ಆಶ್ಚರ್ಯವಾಗಿ ನಿಂತುಹೋಯಿತು.

ಪ್ರಾರ್ಥನೆ ಬರಲಿಲ್ಲ. ಎದ್ದು ಹೋಗಲೂ ಆಗಲಿಲ್ಲ. ಉರಿ ಅಡಗುವ ತನಕ ಕೂತಿದ್ದು ಬಂದಳು. ಮರುದಿನವೂ ಹೋದಳು, ಅದರ ಮರುದಿನವೂ.

ಶುಕ್ರವಾರ ಬೂದಿಯ ಬಕೆಟ್ಟು ಹಿಡಿದು ಹೊರಗೆ ಬರುವಾಗ ಎದುರು ಮನೆಯ ಹಿರಿಯ ಕಜಾಕ ಹೆಂಗಸು ಕುಲ್ಯಾಶ್ ಅಪಾ ಕೊಟ್ಟಿಗೆಯಿಂದ ಹಾಲಿನ ಚೊಂಬು ಹಿಡಿದು ಬಂದಳು. ವಿತೋಲ್ಡನನ್ನು ಮಣ್ಣು ಮಾಡಿದ ದಿನ ಕುರಿ ಕೊಯ್ದು ಊರಿಗೆ ಬಡಿಸಿದವಳು ಅವಳೇ. ಊರಿಗೆ ಮದುವೆಯಾಗಿ ಬಂದವರೆಲ್ಲ ಅವಳಿಗೆ ಸೊಸೆಯರೇ. ಹಾಲು ಕೊಟ್ಟಳು. ಬಕೆಟ್ಟು ನೋಡಿದಳು.

"ಅದನ್ನ ಎಲ್ಲಿಗ್ ಒಯ್ತಿದೀಯ, ಸೊಸೆ?"

"ಚೆಲ್ಲೋಕೆ, ಅಪಾ. ಹಿಂದ್ಗಡೆ."

"ನಿನ್ನ ಗಂಡ ಆ ಕಡೆ ಒಯ್ತಿದ್ದ." ಅವಳು ಗಲ್ಲ ಎತ್ತಿ ತೋರಿಸಿದ್ದು ಲೆಯೊನಾರ್ದಾ ಅಜ್ಜಿಯ ಮನೆಯತ್ತ.

ರೆಗೀನಾ ನೋಡಿದಳು. ಕಾಲುದಾರಿಯ ಹಿಮದ ಮೇಲೆ ಹಳೆಯ ಬೂದಿಯ ಪಟ್ಟೆ ಮಸುಕಾಗಿ ಕಾಣುತ್ತಿತ್ತು, ಮೇಲೆ ಹೊಸ ಮಂಜು ಕೂತಿತ್ತು. ಚಳಿಗಾಲವಿಡೀ ಆ ಬೂದಿ ತುಳಿದೇ ಅವಳು ಜಾರದೆ ನಡೆದಿದ್ದಳು. ಅಜ್ಜಿಯ ಒಲೆಯೂ ದಿನಾ ಬೆಳಿಗ್ಗೆ ಬೆಚ್ಚಗಿರುತ್ತಿತ್ತು. ಆ ಒಲೆಯ ಇಟ್ಟಿಗೆ ಒಳ್ಳೆಯದು, ರಾತ್ರಿಯ ಬಿಸಿ ಹಿಡಿದುಕೊಳ್ಳುತ್ತದೆ ಎಂದು ಅವಳು ವಿತೋಲ್ಡನಿಗೇ ವಿವರಿಸಿದ್ದುಂಟು. ಅವನು ಹೌದೌದು ಎಂದು ತಲೆಯಾಡಿಸಿದ್ದ.

ಕುಲ್ಯಾಶ್ ಅಪಾ ಹಸು ಕರೆಯುವಾಗ ಕೊಟ್ಟಿಗೆಯ ಕಿಟಕಿಯಿಂದ ಅಜ್ಜಿಯ ಕೋಣೆ ನೇರ ಕಾಣುತ್ತದಂತೆ. ಅವನು ಬೂದಿ ಚೆಲ್ಲುತ್ತ ಹೋಗಿ, ಅಜ್ಜಿಯ ಒಲೆ ಕೆದಕಿ, ಮಂಚದ ಪಕ್ಕ ಕೂತು ಬಾಯಿ ಆಡಿಸುತ್ತಿದ್ದನಂತೆ. ಅಜ್ಜಿ ಬಲಗೈಯಿಂದ ಮಂಚದ ಪಟ್ಟಿ ತಟ್ಟುತ್ತಿದ್ದಳಂತೆ. ಇಬ್ಬರಿಗೂ ಏನೋ ಜಗಳ ಎಂದುಕೊಂಡಿದ್ದಳು ಅಪಾ.

"ಒಂದಿನ ಕೇಳೇಬಿಟ್ಟೆ. ‘ಏನಯ್ಯಾ, ಮಾತ್ ಬಾರದ ಮುದುಕಿ ಹತ್ರ ಏನ್ ವಾದ ನಿಂದು?’ ಅಂತ. ‘ವಾದ ಅಲ್ಲ ಅಪಾ, ಅಜ್ಜಿ ಹತ್ರ ಒಂದು ಕಡ ತಗೊಂಡಿದೀನಿ. ನಾಲಿಗೆ ಬರೋ ತನಕ ನಾನು ನೋಡ್ಕೋತೀನಿ, ಬಂದ ದಿನ ವಾಪಸ್ ಕೊಡ್ತೀನಿ,’ ಅಂದ. ಏನ್ ಕಡ ಅಂತ ಬಾಯಿ ಬಿಡ್ಲಿಲ್ಲ. ಅತ್ತೆಗ್ ಗೊತ್ತಾದ್ರೆ ಅಜ್ಜೀನ ಗುಂಪಿನಿಂದ ಹೊರಗ್ ಹಾಕ್ತಾರೆ ಅಂದ."

ರೆಗೀನಾ ಬಕೆಟ್ಟು ಕೆಳಗಿಟ್ಟಳು.

"ನಮ್ಮಲ್ಲಿ ಹೆಣ ಎತ್ತೋ ಮುಂಚೆನೇ ಜನರ ಮುಂದೆ ಕೇಳ್ತಾರೆ, ಇವನು ಯಾರಿಗಾದ್ರೂ ಏನಾದ್ರೂ ಕೊಡೋದಿತ್ತಾ ಅಂತ," ಎಂದಳು ಅಪಾ. "ನಿಮ್ಮೋರು ಕೇಳ್ಲಿಲ್ಲ. ನಿಮ್ಮ ಪದ್ಧತಿ ನಿಮಗೆ. ಆದ್ರೆ ನಂಗ್ ಗೊತ್ತಿದ್ದೂ ಹೇಳ್ದೆ ಇದ್ರೆ ನಿದ್ದೆ ಬರಲ್ಲ."

ಆ ದಿನವೆಲ್ಲ ರೆಗೀನಾ ಅದನ್ನೇ ಯೋಚಿಸಿದಳು. ಅಜ್ಜಿ ಗುಂಡಿ ಬಚ್ಚಿಟ್ಟಿರಲಿಲ್ಲ. ತನ್ನ ಪಾಲು ತಪ್ಪದೆ ಸಲ್ಲಲಿ ಎಂದು ನಂಬಿದವನ ಕೈಗೆ ಕೊಟ್ಟಿದ್ದಳು. ಬಲಗೈ ಚಾಚಿ ಕೇಳುತ್ತಿದ್ದದ್ದು ನೀರನ್ನಲ್ಲ. ಅವನು ಹೋದ ದಿನದಿಂದ ಆ ಹತ್ತು ಮಣಿಯನ್ನು ಯಾರೂ ಹೇಳಿಲ್ಲ, ಅದು ಅಜ್ಜಿಯೊಬ್ಬಳಿಗೇ ಗೊತ್ತು. ಭಾನುವಾರ ಬಂದರೆ ಜಾಗವೂ ಹೋಗುತ್ತದೆ.

ಇನ್ನೊಂದು ವಿಷಯವೂ ಇತ್ತು, ಸ್ವಲ್ಪ ನೋವಿನದು. ಮಂಡಿಯ ಪಾಲಿನವನು ಸದ್ದಿಲ್ಲದೆ ಬೂದಿಯ ಬಕೆಟ್ಟು ಎತ್ತಿದ್ದ. ಒಪ್ಪಂದವನ್ನು ಅವನು ಎಂದೋ ಮುರಿದಿದ್ದ. ಅವಳು ಮಾತ್ರ ತನ್ನ ಅರ್ಧಕ್ಕೆ ಅಂಟಿಕೊಂಡೇ ಉಳಿದಿದ್ದಳು.

ಶನಿವಾರ ಪ್ರಾರ್ಥನಾಲಯದ ನೀಲಿ ಉರಿ ಅಡಗಿದ ಮೇಲೆ ಕಿಂಡಿ ಮುಚ್ಚಿ, ಬಕೆಟ್ಟು ಎತ್ತಿಕೊಂಡು ಕಾಲುದಾರಿಗೆ ಇಳಿದಳು. ಹಿಡಿ ಹಿಡಿ ಬೂದಿ ಚೆಲ್ಲುತ್ತ, ತಾನು ಚೆಲ್ಲಿದ್ದನ್ನೇ ತುಳಿಯುತ್ತ ಅಜ್ಜಿಯ ಬಾಗಿಲಿಗೆ ಬಂದಳು.

ಯಾನಿನಾ ಅಲ್ಲೇ ಇದ್ದಳು, ಕೈಯಲ್ಲಿ ಸೂಪಿನ ಸೌಟು. ಕಪಾಟಿನ ಮೇಲೆ, ನಾಳೆಗೆಂದು ತಂದಿಟ್ಟ ಕಪ್ಪು ಪ್ಲಾಸ್ಟಿಕ್ಕಿನ ಹೊಸ ಗುಂಡಿ ಇತ್ತು.

"ನಲವತ್ತು ದಿನ ಆಗಿಲ್ಲ, ರೆಗೀನಾ."

"ಕೆಲ್ಸಕ್ಕೆ ಬಂದಿಲ್ಲ, ಅತ್ತೆ. ವಿತೋಲ್ಡ್ ಅಜ್ಜಿ ಹತ್ರ ಒಂದು ಕಡ ತಗೊಂಡಿದ್ದ. ಕೊಡೋಕೆ ಬಂದೆ."

ಸತ್ತವನ ಕಡ ತಡೆಯುವ ಧೈರ್ಯ ಯಾನಿನಾಳಿಗೂ ಇರಲಿಲ್ಲ. ಪಕ್ಕಕ್ಕೆ ಸರಿದಳು. ರೆಗೀನಾ ಅಂಗೈ ಬಿಚ್ಚಿದಾಗ ಮುತ್ತಿನ ಚಿಪ್ಪು ಕಿಟಕಿಯ ಬೆಳಕಿಗೆ ಹೊಳೆಯಿತು. ಯಾನಿನಾ ಅದನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಸೌಟು ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತಳು. ರೆಗೀನಾ ನಡೆದದ್ದನ್ನು ಹೇಳಿದಳು. ಹೆಚ್ಚು ಮಾತು ಬೇಕಾಗಲಿಲ್ಲ.

"ಅದು ನಡೀತಿದೆ ಅಂದಿದ್ದ," ಎಂದಳು ಯಾನಿನಾ. "ನನ್ನ ಮುಖ ನೋಡ್ಕೊಂಡೇ ಅಂದಿದ್ದ, ಕಳ್ಳ. ನಮ್ಮಣ್ಣನ ಮಗನೇ ಸೈ." ಮೂಗು ಒರೆಸಿಕೊಂಡಳು. ಆಮೇಲೆ ಅವಳ ಎಂದಿನ ದನಿ ಬಂತು. "ಸರಿ, ಗುಂಡಿ ಸಿಕ್ತು. ಆದ್ರೆ ಇವಳ ನಾಲಿಗೆ ಬಂದಿಲ್ವಲ್ಲ. ಇನ್ಮೇಲೆ ಹೇಳೋರ್ಯಾರು? ನೀನು ಹೇಗೂ ದಿನವಿಡೀ ಪ್ರಾರ್ಥನೇಲಿ ಇದೀಯ..."

"ಇಲ್ಲ, ಅತ್ತೆ."

"ಏನು ಇಲ್ಲ?"

"ಪ್ರಾರ್ಥನೆ ಬರ್ತಿಲ್ಲ ನಂಗೆ. ಅವನು ಹೋದಾಗಿಂದ ಒಂದು ‘ನಮೋ ಮರಿಯಾ’ನೂ ಪೂರ್ತಿ ಹೇಳಿಲ್ಲ. ಕೈ ಕಟ್ಟಿ ಕೂತ್ರೆ ಏನೂ ಬರಲ್ಲ. ಕಿಟಕಿ ಒರೆಸ್ತೀನಿ."

ಒಲೆಯಲ್ಲಿ ಕಲ್ಲಿದ್ದಲು ಚಿಟಿಲ್ ಎಂದಿತು. ಯಾನಿನಾ ಎದ್ದು ಕೆಟಲಿನಿಂದ ಬೋಗುಣಿಗೆ ಬಿಸಿನೀರು ಬಗ್ಗಿಸಿ, ಟವೆಲ್ಲಿನ ಸಮೇತ ತಂದು ಮಂಚದ ಪಕ್ಕ ಇಟ್ಟಳು.

"ಎಡಗೈ ತೊಳ್ದಿಲ್ಲ ಇನ್ನೂ," ಎಂದಳು. "ನಂಗೆ ಅದನ್ನ ಬಿಚ್ಚೋಕೇ ಬರಲ್ಲ. ಅವಳಿಗ್ ನೋಯುತ್ತೆ."

ರೆಗೀನಾ ಕೋಟು ಕಳಚಿ ಕೂತಳು. ಗುಂಡಿಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಅಜ್ಜಿಯ ಮುದುಡಿ ಸೆಟೆದ ಎಡಗೈಯನ್ನು ಬಿಸಿನೀರಿಗೆ ಇಳಿಸಿ, ಅದು ಸಡಿಲವಾಗುವ ತನಕ ಕಾದು, ಕಿರುಬೆರಳಿನಿಂದ ಬಿಡಿಸಲು ತೊಡಗಿದಳು. ಈ ಕೆಲಸಕ್ಕೆ ಅವಳ ಕೈ ಯೋಚಿಸಬೇಕಿರಲಿಲ್ಲ.

"ಮರಿಯಮ್ಮನವರು ಎಲಿಜಬೇತಳನ್ನ ನೋಡೋಕೆ ಹೋದದ್ದು," ಎಂದು ರಹಸ್ಯದ ಹೆಸರು ಹೇಳಿದಳು. "ನಮೋ ಮರಿಯಾ..."

ಅಜ್ಜಿಯ ಬಲಗೈ ಮಂಚದ ಪಟ್ಟಿಯನ್ನು ಒಮ್ಮೆ ತಟ್ಟಿತು.

ಮೊದಲನೆಯದು ಅರ್ಧಕ್ಕೆ ನಿಂತಿತು, ಎಂದಿನ ಜಾಗದಲ್ಲೇ. ತಟ್ಟುವ ಕೈಯೂ ನಿಂತಿತು. ಅವಸರ ಮಾಡಲಿಲ್ಲ. ರೆಗೀನಾ ಉಂಗುರದ ಬೆರಳು ಬಿಡಿಸಿ, ಸಂದು ತೊಳೆದು, ಒರೆಸಿದಳು. ಪಟ್ಟಿಯ ಮೇಲೆ ಮತ್ತೆ ಸದ್ದಾಯಿತು. ಅವಳು ಉಳಿದರ್ಧ ಹೇಳಿದಳು. ಹಿಂದಿನಿಂದ ಯಾನಿನಾ "ಪಾಪಿಗಳಾದ ನಮಗಾಗಿ" ಎಂದು ದನಿ ಕೂಡಿಸಿದಳು, ಸೂಪು ಉಕ್ಕದಂತೆ ಕಲಕುತ್ತ.

ಭಕ್ತಿ ಬಂತೆಂದು ಹೇಳಲಾಗದು. ವಿತೋಲ್ಡ್ ಹತ್ತಿರವಿದ್ದಾನೆಂದೂ ಅನ್ನಿಸಲಿಲ್ಲ. ನೀರು ಬಿಸಿಯಾಗಿತ್ತು, ಬೆರಳು ಒಂದೊಂದಾಗಿ ಬಿಚ್ಚುತ್ತಿತ್ತು, ಮಾತು ಒಂದಾದ ಮೇಲೊಂದು ಬರುತ್ತಿತ್ತು. ನಡುವೆ ಎಲ್ಲೋ ಅವಳ ಕಣ್ಣಿನಿಂದ ನೀರು ಇಳಿದು ಬೋಗುಣಿಗೆ ಬಿತ್ತು. ಒರೆಸಲು ಕೈ ಖಾಲಿ ಇರಲಿಲ್ಲ, ಹಾಗೇ ಬಿಟ್ಟಳು.

ಹತ್ತನೆಯದು ಮುಗಿಯಿತು. ಯಾನಿನಾ ಕಪಾಟಿನ ಮೇಲಿದ್ದ ಕಪ್ಪು ಗುಂಡಿಯನ್ನು ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ನಾಳೆ ಬಟ್ಟಲನ್ನು ಇಲ್ಲಿಗೇ ತರುತ್ತೇನೆ, ಅಜ್ಜಿಯೇ ತನ್ನ ಕೈಯಿಂದ ಹಾಕಲಿ, ತನ್ನ ಕೈಯಿಂದಲೇ ತೆಗೆಯಲಿ ಎಂದಳು. ಏನು ಬಂದರೂ ಬೆಳಿಗ್ಗೆ ಇಲ್ಲಿ ಬಂದು ಹೇಳುವುದು ರೆಗೀನಾಳ ಪಾಲು. ಹಾಗೆ ಬರುವಾಗ ಎಡಗೈ ತೊಳೆದರೆ ಯಾವ ನಲವತ್ತು ದಿನವೂ ಕೆಡುವುದಿಲ್ಲ.

ಅಜ್ಜಿ ಅದನ್ನೆಲ್ಲ ಕೇಳಿಸಿಕೊಂಡಳೋ ಇಲ್ಲವೋ, ಬಲಗೈ ಚಾಚಿದಳು. ರೆಗೀನಾ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ತೊಡೆಯ ಮೇಲಿದ್ದ ಗುಂಡಿಯನ್ನು ಎತ್ತಿ ಆ ಅಂಗೈಯಲ್ಲಿ ಇಟ್ಟಳು.